ನೆಲದಡಿಯಲ್ಲಿ ಏನಿದೆ, ನೆಲ ಎತ್ತ ಸಾಗುತ್ತಿದೆ?

ಭಾರತದ ನೆಲ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಷ್ಟು ಈಶಾನ್ಯ ದಿಕ್ಕಿಗೆ ಸರಿಯುತ್ತಿದೆ ಎಂದು ಕಳೆದ ಸಂಚಿಕೆಯ ಒಂದು ಚಿಕ್ಕ ಉತ್ತರದಲ್ಲಿ ಬರೆದಿದ್ದೆ. ಅದನ್ನು ಓದಿ ನಮ್ಮ ಕಾಸರಗೋಡಿನವರಷ್ಟೇ ಅಲ್ಲದೆ ಅಕ್ಕಲಕೋಟೆ, ಉಮರ್ಗಾ, ರಾಯದುರ್ಗದ ಕಡೆಯ ಕನ್ನಡಿಗರೂ ಪತ್ರ ಬರೆದಿದ್ದಾರೆ. ಪ್ರತಿಯೊಬ್ಬರೂ ತಮ್ಮ ಊರಿನ ಕಲ್ಲು, ಮಣ್ಣು, ಗುಡ್ಡೆಗಳನ್ನು ಮುಂದಿಟ್ಟುಕೊಂಡೇ ಪ್ರಶ್ನೆ ಕೇಳಿರುವುದರಿಂದ ಈ ಸಲದ ಅಂಕಣವನ್ನು ಇಡಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ತೋಟದ ಮೇಲಿನ ಗುಡ್ಡೆಯಲ್ಲಿ ಅಜ್ಜನ ಕಾಲದ, 80 ಕೋಲು ಉದ್ದದ ಸುರಂಗವೊಂದಿದೆ. ಏಪ್ರಿಲ್ ತಿಂಗಳ ಸೆಕೆಯಲ್ಲಿಯೂ ಅದರೊಳಗೆ ತಂಪಾಗಿರುತ್ತದೆ. ಭೂಮಿಯ ಒಳಗೆ ಹೋದಷ್ಟೂ ಬಿಸಿ ಎನ್ನುತ್ತಾರಲ್ಲ, ಇದು ಹೇಗೆ? ಅಷ್ಟು ಆಳಕ್ಕೆ ಯಾರೂ ಹೋಗದೆ ಒಳಗೇನಿದೆ ಎಂಬುದು ಹೇಗೆ ಗೊತ್ತಾಯಿತು? (ಬದಿಯಡ್ಕದ ಕೃಷಿಕರೊಬ್ಬರು)

ಉತ್ತರ: ಸುರಂಗ ಉದ್ದವಾಗಿದ್ದರೂ ಆಳದ್ದಲ್ಲ. ನೀರಿನ ಒರತೆಯನ್ನು ಹುಡುಕುತ್ತ ಗುಡ್ಡೆಯ ಮುರಕಲ್ಲಿನೊಳಗೆ ಅಡ್ಡಕ್ಕೆ ತೋಡಿದ ದಾರಿ ಅದು. ನಿಮ್ಮ ತಲೆಯ ಮೇಲೆ ಇರುವುದು ಕೆಲವು ಮೀಟರುಗಳಷ್ಟು ಕಲ್ಲು ಮಾತ್ರ. ಹಗಲು ರಾತ್ರಿಗಳ, ಬೇಸಗೆ ಮಳೆಗಾಲಗಳ ಏರಿಳಿತ ಅಷ್ಟು ದಪ್ಪದ ಕಲ್ಲನ್ನು ದಾಟಿ ಒಳಗೆ ತಲುಪುವುದಿಲ್ಲವಾದ್ದರಿಂದ ಅಲ್ಲಿ ವರ್ಷವಿಡೀ ನಮ್ಮ ಊರಿನ ಸರಾಸರಿ ಉಷ್ಣತೆಯೇ ಇರುತ್ತದೆ. ಹೊರಗೆ ಬೆವರಿ ಬಂದವರಿಗೆ ಅದು ತಂಪೆನಿಸುತ್ತದೆ.

ಒಳಗಿನ ಬಿಸಿಯನ್ನು ಕಾಣಬೇಕಾದರೆ ನೇರವಾಗಿ ಕೆಳಕ್ಕೆ ಇಳಿಯಬೇಕು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ ಸುಮಾರು 3.2 ಕಿಲೋಮೀಟರ್ ಆಳದವರೆಗೆ ಕೆಲಸ ನಡೆದಿತ್ತು. ಅಲ್ಲಿಯ ಬಂಡೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿದ್ದುದರಿಂದ ತಣ್ಣಗಿನ ಗಾಳಿಯನ್ನು ಮೇಲಿನಿಂದ ಕಳುಹಿಸದೆ ಮನುಷ್ಯರು ಅಲ್ಲಿ ನಿಲ್ಲುವಂತಿರಲಿಲ್ಲ. ರಷ್ಯದ ಕೋಲಾ ಎಂಬಲ್ಲಿ 1970ರಲ್ಲಿ ಕೊರೆಯತೊಡಗಿದ ರಂಧ್ರ 12,262 ಮೀಟರ್ ಆಳದವರೆಗೆ ಹೋಯಿತು. ಅಲ್ಲಿ ಉಷ್ಣತೆ 180 ಡಿಗ್ರಿಯಾಗಿದ್ದು, ಕೊರೆಯುವುದನ್ನು ಮುಂದುವರಿಸುವುದೇ ಅಸಾಧ್ಯವಾಯಿತು. ಇಷ್ಟಾದರೂ ಭೂಮಿಯನ್ನು ಸಿಪ್ಪೆಸಹಿತವಾದ ಒಂದು ತೆಂಗಿನಕಾಯಿಯ ಗಾತ್ರಕ್ಕೆ ಕುಗ್ಗಿಸಿ ನೋಡಿದರೆ ಕೋಲಾದ ರಂಧ್ರ ಆ ಸಿಪ್ಪೆಯ ಮೇಲೆ ಕಾಲು ಮಿಲಿಮೀಟರಿನ ಗೀರೂ ಆಗುವುದಿಲ್ಲ. ಭೂಮಿಯ ಕೇಂದ್ರ 6,371 ಕಿಲೋಮೀಟರ್ ಕೆಳಗಿದೆ.

ಆದ್ದರಿಂದ ಒಳಗಿನದನ್ನು ತಿಳಿಯಲು ಬೇರೆಯೇ ದಾರಿ ಬೇಕಾಯಿತು, ಮತ್ತು ಆ ದಾರಿ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದೇ. ಮರದಲ್ಲಿರುವ ಹಲಸಿನಕಾಯಿ ಬಲಿತಿದೆಯೇ ಎಂದು ನೋಡಲು ನನ್ನ ಅಜ್ಜಿ ಕತ್ತಿಯ ಹಿಡಿಯಿಂದ ಅದರ ಮೈಗೆ ಎರಡೇಟು ಬಡಿದು ಕಿವಿಗೊಡುತ್ತಿದ್ದರು. ಕೊಯ್ಯದೆಯೇ, ಸದ್ದಿನಿಂದಲೇ ಒಳಗಿನ ಸೊಳೆಯ ಸ್ಥಿತಿ ಅವರಿಗೆ ತಿಳಿಯುತ್ತಿತ್ತು. ಭೂಮಿಯನ್ನು ಬಡಿಯುವ ಶಕ್ತಿ ನಮಗಿಲ್ಲ, ಆದರೆ ದೊಡ್ಡ ಭೂಕಂಪಗಳು ಆ ಕೆಲಸವನ್ನು ಮಾಡುತ್ತವೆ. ಅವುಗಳ ಕಂಪನ ಭೂಮಿಯೊಳಗಿನಿಂದ ಹಾದು ಇನ್ನೊಂದು ಬದಿಯ ಭೂಕಂಪಮಾಪಿಗಳನ್ನು ತಲುಪುತ್ತದೆ. ತಲುಪಲು ಎಷ್ಟು ಹೊತ್ತು ಹಿಡಿಯಿತು ಎಂಬುದರಿಂದ ದಾರಿಯಲ್ಲಿ ಎಂಥ ವಸ್ತುವಿತ್ತು ಎಂಬುದನ್ನು ಲೆಕ್ಕ ಹಾಕಬಹುದು.

ಈ ವಿದ್ಯೆಯ ಮೊದಲ ಪಾಠಗಳಲ್ಲೊಂದು ನಮ್ಮ ದೇಶದ ಭೂಕಂಪದಿಂದಲೇ ಸಿಕ್ಕಿತು ಎಂಬುದನ್ನು ಮಕ್ಕಳಿಗೆ ಹೇಳಿಕೊಡಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಓಲ್ಡ್‌ಹ್ಯಾಮ್ 1897ರ ಜೂನ್ 12ರ ಅಸ್ಸಾಮಿನ ಮಹಾಭೂಕಂಪವನ್ನು ಅಭ್ಯಾಸಮಾಡಿ, ಅದರ ಅಲೆಗಳಲ್ಲಿ ಬೇರೆ ಬೇರೆ ವೇಗದ ಬಗೆಗಳಿರುವುದನ್ನು ಗುರುತಿಸಿದರು. ಒಂದು ಬಗೆಯ ಅಲೆ ವಸ್ತುವನ್ನು ಮುಂದಕ್ಕೂ ಹಿಂದಕ್ಕೂ ಒತ್ತುತ್ತ ಸಾಗುತ್ತದೆ. ಅದು ಮೊದಲು ತಲುಪುವ ಪಿ ಅಲೆ. ಇನ್ನೊಂದು, ಬಾವಿಯ ಹಗ್ಗವನ್ನು ಅಡ್ಡಕ್ಕೆ ಕುಲುಕಿದಾಗ ಬಳುಕು ಸಾಗುವಂತೆ ಸಾಗುವ ಎಸ್ ಅಲೆ. ಇದು ದ್ರವವನ್ನು ದಾಟಲಾರದು, ಏಕೆಂದರೆ ಅಡ್ಡಕ್ಕೆ ಸರಿಸಿದ ದ್ರವ ಹಗ್ಗದಂತೆ ಮರಳಿ ತನ್ನ ಜಾಗಕ್ಕೆ ಜಗ್ಗುವುದಿಲ್ಲ. ಭೂಮಿಯ ನಡುವೆ ಬೇರೆಯೇ ಸ್ವಭಾವದ ಒಂದು ಕೇಂದ್ರಗೋಳವಿದೆ ಎಂದು 1906ರಲ್ಲಿ ಓಲ್ಡ್‌ಹ್ಯಾಮ್ ತೋರಿಸಿದರು. ಭೂಮಿಯ ಹೊರಪದರವಾದ ಭೂಕವಚದ ತಳ ಎಲ್ಲಿದೆ ಎಂಬುದನ್ನು 1909ರ ಒಂದು ಭೂಕಂಪದ ದಾಖಲೆಗಳಿಂದ ಕ್ರೊಯೇಷಿಯದ ಮೊಹೊರೊವಿಚಿಚ್ ಕಂಡುಹಿಡಿದರು. ದ್ರವವಾಗಿರುವ ಕೇಂದ್ರಗೋಳದ ನಡುವೆ ಇನ್ನೊಂದು ಗಟ್ಟಿ ಗೋಳವಿದೆ ಎಂದು 1936ರಲ್ಲಿ ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ಮಹಿಳೆ ಸಾಧಿಸಿದರು. ನ್ಯೂಜಿಲೆಂಡಿನ ಭೂಕಂಪದ ಅಲೆಗಳು ಯೂರೋಪಿನಲ್ಲಿ, ಅವು ಬರಬಾರದ ಜಾಗದಲ್ಲಿ ಕ್ಷೀಣವಾಗಿ ಕಾಣಿಸಿಕೊಂಡದ್ದೇ ಅವರಿಗೆ ಸಿಕ್ಕ ಸುಳಿವು.

ಹೀಗೆ ತಿಳಿದುಬಂದ ಚಿತ್ರ ಇದು. ಮೇಲೆ ಖಂಡಗಳ ಅಡಿಯಲ್ಲಿ ಸಾಮಾನ್ಯವಾಗಿ 30ರಿಂದ 50 ಕಿಲೋಮೀಟರ್, ಸಾಗರಗಳ ಅಡಿಯಲ್ಲಿ ಸುಮಾರು 7 ಕಿಲೋಮೀಟರ್ ದಪ್ಪದ ಭೂಕವಚವಿದೆ. ಅದರ ಕೆಳಗೆ ಸುಮಾರು 2,900 ಕಿಲೋಮೀಟರ್ ಆಳದವರೆಗೆ ಮ್ಯಾಂಟಲ್ ಎಂಬ ಕಲ್ಲಿನ ಪದರವಿದೆ. ಅದರ ಕೆಳಗೆ ಮುಖ್ಯವಾಗಿ ಕಬ್ಬಿಣದಿಂದಾದ ದ್ರವರೂಪದ ಹೊರ ಕೇಂದ್ರಗೋಳವಿದ್ದು, ನಡುವೆ ಸುಮಾರು 1,220 ಕಿಲೋಮೀಟರ್ ತ್ರಿಜ್ಯದ ಗಟ್ಟಿ ಒಳ ಕೇಂದ್ರಗೋಳವಿದೆ. ಅಲ್ಲಿಯ ಉಷ್ಣತೆ 5,000 ಡಿಗ್ರಿಗಿಂತ ಹೆಚ್ಚು.

ಪ್ರಶ್ನೆ: ಖಂಡಗಳು ಕೆಂಪಗಿನ ಲಾವಾರಸದ ಮೇಲೆ ತೇಲುತ್ತಿರುವ ಚಿತ್ರವೊಂದನ್ನು ನೋಡಿದ್ದೇನೆ. ಕೆಳಗೆಲ್ಲ ಲಾವಾ ಇದ್ದರೆ ಬಾವಿ ತೋಡುವಾಗ, ಬೋರ್‌ವೆಲ್ ಕೊರೆಯುವಾಗ ಅದು ಉಕ್ಕಿ ಬರುವುದಿಲ್ಲವೇಕೆ? ಇಷ್ಟು ದೊಡ್ಡ ನೆಲವನ್ನು ಎಳೆಯುವುದು ಯಾವುದು? (ಕುಂಬಳೆಯ ಕಾಲೇಜು ವಿದ್ಯಾರ್ಥಿನಿ)

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ನಾನು ಕೃತಜ್ಞ. ಏಕೆಂದರೆ ಆ ಚಿತ್ರ ಹುಟ್ಟಿಸಿದಷ್ಟು ತಪ್ಪು ತಿಳಿವಳಿಕೆಯನ್ನು ಈ ವಿಷಯದಲ್ಲಿ ಬೇರಾವುದೂ ಹುಟ್ಟಿಸಿಲ್ಲ. ನಮ್ಮ ಕೆಳಗೆ ಲಾವಾದ ಕಡಲಿಲ್ಲ. ಮ್ಯಾಂಟಲ್ ಗಟ್ಟಿ ಕಲ್ಲು. ಮೇಲೆ ಹೇಳಿದ ಎಸ್ ಅಲೆಗಳು ಮ್ಯಾಂಟಲ್ಲಿನ ಉದ್ದಕ್ಕೂ ಹಾದುಹೋಗುತ್ತವೆ ಎಂಬುದೇ ಅದಕ್ಕೆ ಸಾಕ್ಷಿ. ಅದರ ಮೇಲ್ಭಾಗದ ಮುಖ್ಯ ಖನಿಜದ ಹೆಸರು ಆಲಿವಿನ್. ತಣಿದ ಮೇಲೆ ಕೈಯಲ್ಲಿ ಹಿಡಿದು ನೋಡಿದರೆ ಅದರ ಬಣ್ಣ ಹಸಿರು.

ನೂರು ಕಿಲೋಮೀಟರ್ ಆಳದ ಆಸುಪಾಸಿನಲ್ಲಿಯೇ ಉಷ್ಣತೆ 1,300 ಡಿಗ್ರಿಯಷ್ಟಿರುವಾಗ ಆ ಕಲ್ಲು ಕರಗದೆ ಉಳಿದದ್ದು ಒತ್ತಡದಿಂದ. ಅಡುಗೆಮನೆಯ ಕುಕ್ಕರಿನೊಳಗೆ ಒತ್ತಡ ಹೆಚ್ಚಿರುವುದರಿಂದ ನೀರು 100 ಡಿಗ್ರಿ ದಾಟಿಯೂ ಕುದಿಯದೆ ನೀರಾಗಿಯೇ ಇರುತ್ತದಲ್ಲ, ಹಾಗೆಯೇ ಮೇಲಿನ ಕಲ್ಲಿನ ಭಾರದಡಿಯಲ್ಲಿ ಕೆಳಗಿನ ಕಲ್ಲು ಕರಗುವ ಮಟ್ಟವೂ ಮೇಲಕ್ಕೇರುತ್ತದೆ. ಎಲ್ಲಿ ಫಲಕಗಳು (ಭೂಮಿಯ ಗಟ್ಟಿಯಾದ ಹೊರಭಾಗದ ದೊಡ್ಡ ದೊಡ್ಡ ತುಂಡುಗಳು) ಬಿರಿದು ಒತ್ತಡ ಇಳಿಯುತ್ತದೆಯೋ, ಎಲ್ಲಿ ಮುಳುಗುವ ಸಾಗರತಳದೊಂದಿಗೆ ನೀರಿನಂಶ ಆಳಕ್ಕೆ ಸೇರುತ್ತದೆಯೋ ಅಲ್ಲಿ ಮಾತ್ರ ಕಲ್ಲಿನ ಒಂದು ಸಣ್ಣ ಪಾಲು ಕರಗಿ ಶಿಲಾಪಾಕವಾಗುತ್ತದೆ. ಜ್ವಾಲಾಮುಖಿಗಳು ಅಂಥ ಜಾಗಗಳಲ್ಲಿ ಹುಟ್ಟುತ್ತವೆ. ನಮ್ಮ ಊರಿನ ಬೋರ್‌ವೆಲ್ಲಿನಲ್ಲಿ ಅಲ್ಲ.

ಗಟ್ಟಿಯಾಗಿದ್ದೂ ಅದು ಹರಿಯುತ್ತದೆ ಎಂಬುದನ್ನು ಒಪ್ಪುವುದು ಕಷ್ಟ. ರಸ್ತೆಬದಿಯಲ್ಲಿ ಬಿಟ್ಟುಹೋದ ಡಾಂಬರಿನ ಡ್ರಮ್ಮನ್ನು ನೋಡಿ. ಒಳಗಿನ ಡಾಂಬರನ್ನು ಸುತ್ತಿಗೆಯಿಂದ ಹೊಡೆದರೆ ಗಾಜಿನಂತೆ ಚೂರಾಗಿ ಸಿಡಿಯುತ್ತದೆ. ಅದೇ ಡ್ರಮ್ಮು ಒಡೆದು ಮಗುಚಿಬಿದ್ದಿದ್ದರೆ ಒಂದೆರಡು ಬೇಸಗೆ ಕಳೆಯುವಷ್ಟರಲ್ಲಿ ಡಾಂಬರು ಹುಲ್ಲಿನ ಮೇಲೆ ನಾಲಗೆಯಂತೆ ಚಾಚಿಕೊಂಡಿರುತ್ತದೆ. ಏಟಿಗೆ ಗಟ್ಟಿ, ಕಾಲಕ್ಕೆ ಮೆದು. ಡಾಂಬರು ನಿಜಕ್ಕೂ ಬಹಳ ಮಂದವಾದ ದ್ರವ, ಮ್ಯಾಂಟಲ್ಲಾದರೋ ಹರಳುಗಳಿಂದಾದ ಘನ. ಅಷ್ಟರಮಟ್ಟಿಗೆ ಹೋಲಿಕೆ ಪೂರ್ಣವಲ್ಲ. ಆದರೂ ಭೂಕಂಪದ ಕ್ಷಣಿಕ ಅಲೆಗೆ ಗಟ್ಟಿ ಬಂಡೆಯಾಗಿ ಕಾಣುವ ಮ್ಯಾಂಟಲ್, ಲಕ್ಷಾಂತರ ವರ್ಷಗಳ ಒತ್ತಡಕ್ಕೆ ಹರಳಿನೊಳಗಿನ ಕಣಕಣವಾಗಿ ಜರಗುತ್ತ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಹರಿಯುತ್ತದೆ. ಈ ಹರಿವಿಗೆ ಬೇಕಾದ ಶಾಖದಲ್ಲಿ ಒಂದು ಪಾಲು ಭೂಮಿ ಹುಟ್ಟಿದಾಗಿನಿಂದ ಉಳಿದದ್ದು, ಇನ್ನೊಂದು ಪಾಲು ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣದಿಂದ ಬರುವಂಥದ್ದು. ಕೊಲ್ಲಂ ಕಡೆಯ ಕಡಲತೀರದ ಕಪ್ಪು ಮರಳಿನಲ್ಲಿರುವ ಅದೇ ಥೋರಿಯಂ ಆಳದ ಕಲ್ಲುಗಳಲ್ಲಿಯೂ ಅತ್ಯಲ್ಪ ಪ್ರಮಾಣದಲ್ಲಿ ಹರಡಿಕೊಂಡಿದೆ.

ಎಳೆಯುವ ಶಕ್ತಿಯ ಪ್ರಶ್ನೆಗೇ ಆಲ್ಫ್ರೆಡ್ ವೆಗೆನರ್ ಸೋತರು. ಹವಾಮಾನ ವಿಜ್ಞಾನಿಯಾಗಿದ್ದ ಅವರು ಖಂಡಗಳು ಸರಿಯುತ್ತವೆ ಎಂದು 1912ರಲ್ಲಿ ಮೊದಲು ಮಂಡಿಸಿ, 1915ರಲ್ಲಿ ಪುಸ್ತಕವಾಗಿ ಬರೆದರು. ಅವರು ಕೂಡಿಸಿದ್ದ ಸಾಕ್ಷ್ಯ ಬಲವಾಗಿತ್ತು, ಆದರೆ ಅವರು ಸೂಚಿಸಿದ ಶಕ್ತಿಗಳು ತೀರ ದುರ್ಬಲವೆಂದು ಲೆಕ್ಕ ಹಾಕಿ ತೋರಿಸಿದ ಭೌತವಿಜ್ಞಾನಿಗಳು, ಸಾಕ್ಷ್ಯವನ್ನೂ ಕೂಡಿಯೇ ತಳ್ಳಿಬಿಟ್ಟರು. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ವೆಗೆನರ್ 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡರು. ಸಾಗರತಳ ನಡುವಿನ ಏಣುಗಳಲ್ಲಿ ಹೊಸದಾಗಿ ಹುಟ್ಟಿ ಎರಡೂ ಬದಿಗೆ ಸರಿಯುತ್ತದೆ ಎಂಬುದು 1960ರ ದಶಕದಲ್ಲಿ ಖಚಿತವಾದ ಮೇಲೆಯೇ ಅವರ ಮಾತಿಗೆ ಮನ್ನಣೆ ದೊರೆಯಿತು.

ಈಗ ತಿಳಿದಿರುವಂತೆ ಫಲಕಗಳನ್ನು ಎಳೆಯುವ ಮುಖ್ಯ ಶಕ್ತಿ ಅವುಗಳದೇ ತೂಕ. ಹಳೆಯ ಸಾಗರತಳ ತಣಿದು, ಭಾರವಾಗಿ, ಅಂಚಿನಲ್ಲಿ ಮ್ಯಾಂಟಲ್ಲಿನೊಳಗೆ ಮುಳುಗುತ್ತದೆ. ಮಂಚದಿಂದ ಅರ್ಧ ಜೋತುಬಿದ್ದ ಒದ್ದೆ ಕಂಬಳಿ ತನ್ನ ಉಳಿದರ್ಧವನ್ನೂ ಎಳೆದುಕೊಂಡು ಜಾರುವಂತೆ, ಮುಳುಗುವ ಅಂಚು ಫಲಕವನ್ನೇ ತನ್ನ ಹಿಂದೆ ಎಳೆಯುತ್ತದೆ. ಭಾರತದ ಮುಂದಿದ್ದ ಟೆಥಿಸ್ ಸಾಗರದ ತಳ ಏಷ್ಯಾದ ಅಡಿಗೆ ಮುಳುಗುತ್ತಿದ್ದಾಗ ನಮ್ಮ ನೆಲ ವರ್ಷಕ್ಕೆ 15 ಸೆಂಟಿಮೀಟರಿಗೂ ಮಿಕ್ಕಿದ ವೇಗದಲ್ಲಿ ಉತ್ತರಕ್ಕೆ ಧಾವಿಸಿತ್ತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಡಿಕ್ಕಿ ಹೊಡೆದ ಮೇಲೆ ವೇಗ ತಗ್ಗಿತು, ಹಿಮಾಲಯ ಎದ್ದಿತು.

ಪ್ರಶ್ನೆ: ಮುಂಗಾರು ಮಳೆ ಬಿದ್ದ ಮೇಲೆ ವಜ್ರಕರೂರಿನ ಕಡೆಯ ಹೊಲಗಳಲ್ಲಿ ಜನ ವಜ್ರ ಹುಡುಕುತ್ತಾರೆ. ಹೊಲಕ್ಕೆ ವಜ್ರ ಬಂದದ್ದು ಎಲ್ಲಿಂದ? (ರಾಯದುರ್ಗದ ಶಿಕ್ಷಕರೊಬ್ಬರು)

ಉತ್ತರ: ಮ್ಯಾಂಟಲ್ಲಿನಿಂದ. ವಜ್ರಗಳು ಸಾಮಾನ್ಯವಾಗಿ 150 ಕಿಲೋಮೀಟರಿಗಿಂತ ಆಳದಲ್ಲಿ, ಅಲ್ಲಿಯ ಒತ್ತಡದಲ್ಲಿ ಇಂಗಾಲದಿಂದ ಹರಳುಗಟ್ಟಿದವು. ಸುಮಾರು 110 ಕೋಟಿ ವರ್ಷಗಳ ಹಿಂದೆ ಕಿಂಬರ್ಲೈಟ್ ಎಂಬ ಶಿಲಾಪಾಕ ಆ ಆಳದಿಂದ ಸಿಡಿದು ಮೇಲೆ ಬರುವಾಗ ದಾರಿಯ ಮ್ಯಾಂಟಲ್ ಕಲ್ಲಿನ ತುಣುಕುಗಳನ್ನೂ ವಜ್ರಗಳನ್ನೂ ಹೊತ್ತುತಂದಿತು. ನಿಧಾನವಾಗಿ ಬಂದಿದ್ದರೆ ಆ ಬಿಸಿಯಲ್ಲಿ ವಜ್ರ ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಆಗಿ ಮಾರ್ಪಡುತ್ತಿತ್ತು. ಕೆಲವೇ ಗಂಟೆಗಳಿಂದ ಒಂದೆರಡು ದಿನಗಳೊಳಗೆ ಮೇಲೆ ತಲುಪಿದ್ದರಿಂದ ಉಳಿಯಿತು. ಆಮೇಲೆ ಕಿಂಬರ್ಲೈಟ್ ಸವೆದು ಮಣ್ಣಾಯಿತು, ಸವೆಯದ ವಜ್ರ ಮಣ್ಣಿನಲ್ಲಿ ಉಳಿಯಿತು, ಮಳೆ ಅದನ್ನು ತೊಳೆದು ತೋರಿಸುತ್ತದೆ. ನಿಮ್ಮ ವಿದ್ಯಾರ್ಥಿಗಳಿಗೆ ವಜ್ರದ ಬೆಲೆಗಿಂತ ಮೊದಲು ಈ ಪ್ರಯಾಣವನ್ನು ಹೇಳಿಕೊಡಿ. ಕೋಲಾದ ರಂಧ್ರ ತಲುಪಿದ್ದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚಿನ ಆಳದ ಮಾದರಿ ನಿಮ್ಮ ಜಿಲ್ಲೆಯ ಹೊಲದಲ್ಲಿ ಸಿಗುತ್ತದೆ.

ಪ್ರಶ್ನೆ: ನಮ್ಮ ಕಡೆಯ ಎರೆಮಣ್ಣು, ಕರಿಕಲ್ಲು ಜ್ವಾಲಾಮುಖಿಯಿಂದ ಬಂದದ್ದೆಂದು ಕೇಳಿದ್ದೇನೆ. ಹಾಗಾದರೆ ಆ ಜ್ವಾಲಾಮುಖಿ ಎಲ್ಲಿದೆ? (ಅಕ್ಕಲಕೋಟೆಯ ಓದುಗರು)

ಉತ್ತರ: ನಿಮ್ಮ ಊರಿನ ಸಮೀಪದಲ್ಲೆಲ್ಲೋ ಒಂದು ಬೆಟ್ಟವನ್ನು ತೋರಿಸಬಹುದೆಂದು ನೀವು ನಿರೀಕ್ಷಿಸಿರಬಹುದು. ಆದರೆ ಲಾವಾ ಉಕ್ಕಿದ್ದು ಒಂದು ಬೆಟ್ಟದ ಬಾಯಿಯಿಂದಲ್ಲ, ನೆಲದ ಉದ್ದುದ್ದ ಬಿರುಕುಗಳಿಂದ. ಅದು ನಡೆದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಪದರದ ಮೇಲೆ ಪದರವಾಗಿ ಹರಡಿದ ಆ ಲಾವಾ ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಹೊದ್ದುಕೊಂಡಿದೆ. ಆ ಕರಿಕಲ್ಲು ಶಿಥಿಲವಾಗಿ ಆದದ್ದೇ ನಿಮ್ಮ ಹೊಲದ ಎರೆಮಣ್ಣು.

ಇನ್ನು ಅದಕ್ಕೆ ಶಾಖವೊದಗಿಸಿದ ತಾಣ ಈಗ ನಿಮ್ಮ ಊರಿನ ಅಡಿಯಲ್ಲಿಲ್ಲ, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಅಡಿಯಲ್ಲಿದೆ. ಅಲ್ಲಿಯ ಜ್ವಾಲಾಮುಖಿ ಇಂದಿಗೂ ಉಗುಳುತ್ತಿದೆ. ಹೊಲಿಗೆ ಯಂತ್ರದ ಸೂಜಿ ಇದ್ದಲ್ಲಿಯೇ ಕುಟ್ಟುತ್ತಿರುತ್ತದೆ, ಬಟ್ಟೆ ಸರಿಯುತ್ತದೆ, ಬಟ್ಟೆಯ ಮೇಲೆ ಹೊಲಿಗೆಯ ಸಾಲು ಉಳಿಯುತ್ತದೆ. ಹಾಗೆಯೇ ಬಿಸಿಯ ತಾಣ ಹೆಚ್ಚುಕಡಿಮೆ ಇದ್ದಲ್ಲಿಯೇ ಇದ್ದು, ಅದರ ಮೇಲಿನಿಂದ ಭಾರತದ ಫಲಕ ಉತ್ತರಕ್ಕೆ ಸರಿಯಿತು. ಆ ಸಾಲಿನ ಹೊಲಿಗೆಗಳು ನಮ್ಮ ಕಾಸರಗೋಡಿನ ಪಶ್ಚಿಮದ ಕಡಲಿನಲ್ಲಿರುವ ಲಕ್ಷದ್ವೀಪ, ಅದರ ದಕ್ಷಿಣಕ್ಕೆ ಮಾಲ್ಡೀವ್ಸ್, ಚಾಗೋಸ್, ಮುಂದೆ ಮಾರಿಷಸ್. 1987ರಲ್ಲಿ ಸಂಶೋಧನಾ ಹಡಗೊಂದು ಈ ಸಾಲಿನ ತಳವನ್ನು ಕೊರೆದು ಕಲ್ಲು ತೆಗೆದಾಗ ಮಾಲ್ಡೀವ್ಸ್ ಬಳಿಯದಕ್ಕೆ ಸುಮಾರು 5.7 ಕೋಟಿ, ಚಾಗೋಸ್ ಬಳಿಯದಕ್ಕೆ ಸುಮಾರು 4.9 ಕೋಟಿ ವರ್ಷ ವಯಸ್ಸಾಗಿತ್ತು. ದಕ್ಷಿಣಕ್ಕೆ ಹೋದಂತೆ ಕಲ್ಲಿನ ಪ್ರಾಯ ಕಡಿಮೆಯಾಗುತ್ತ ಹೋಗುತ್ತದೆ.

ಇದಕ್ಕೂ ಮೊದಲೇ ಸಾಕ್ಷಿ ನುಡಿದದ್ದು ನಿಮ್ಮ ಕರಿಕಲ್ಲು. ಅದರಲ್ಲಿ ಕಾಂತಗುಣವುಳ್ಳ ಕಬ್ಬಿಣದ ಖನಿಜದ ಕಣಗಳಿವೆ. ಲಾವಾ ತಣಿಯುವಾಗ ಆ ಕಣಗಳು ಆಗಿನ ಭೂಕಾಂತದ ದಿಕ್ಕನ್ನು ತಮ್ಮಲ್ಲಿ ಹಿಡಿದಿಟ್ಟುಕೊಳ್ಳುತ್ತವೆ. ತೂಗುಬಿಟ್ಟ ಕಾಂತಸೂಚಿ ಸಮಭಾಜಕವೃತ್ತದ ಬಳಿ ಮಟ್ಟಸವಾಗಿ ನಿಲ್ಲುತ್ತದೆ, ಧ್ರುವದತ್ತ ಹೋದಂತೆ ಹೆಚ್ಚು ಹೆಚ್ಚು ಓರೆಯಾಗುತ್ತದೆ. ಉತ್ತರಾರ್ಧದಲ್ಲಿ ಒಂದು ಕಡೆಗೆ, ದಕ್ಷಿಣಾರ್ಧದಲ್ಲಿ ಇನ್ನೊಂದು ಕಡೆಗೆ. 1950ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳೂ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರೂ ದಖ್ಖನ್ನಿನ ಕರಿಕಲ್ಲನ್ನು ಅಳೆದರು. ಕಾಂತದ ಉತ್ತರ ದಕ್ಷಿಣಗಳು ಅದಲುಬದಲಾದ ಕಾಲಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅದರೊಳಗಿನ ಓರೆ ಈಗಿನ ಮಹಾರಾಷ್ಟ್ರಕ್ಕೆ ಹೊಂದಲಿಲ್ಲ, ಸಮಭಾಜಕವೃತ್ತದಿಂದ ಬಹುದೂರ ದಕ್ಷಿಣದ ಜಾಗಕ್ಕೆ ಹೊಂದಿತು. ಖಂಡಗಳ ಚಲನೆಯನ್ನು ಜಗತ್ತು ಇನ್ನೂ ಒಪ್ಪದಿದ್ದ ಕಾಲವದು.

ಪ್ರಶ್ನೆ: ಫಲಕಗಳ ಅಂಚಿನಲ್ಲಿ ಭೂಕಂಪವಾಗುತ್ತದೆ ಎಂದು ಓದಿದ್ದೇವೆ. ಕಿಲ್ಲಾರಿ ಯಾವ ಅಂಚಿನಲ್ಲಿದೆ? (ಉಮರ್ಗಾ ತಾಲೂಕಿನ ಓದುಗರು, ಆ ರಾತ್ರಿ ಬಂಧುಗಳನ್ನು ಕಳೆದುಕೊಂಡವರು)

ಉತ್ತರ: ಯಾವ ಅಂಚಿನಲ್ಲಿಯೂ ಇಲ್ಲ. ಅದಕ್ಕಾಗಿಯೇ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ 3.56ಕ್ಕೆ ಆದ ಭೂಕಂಪ ಯಾರೂ ಊಹಿಸದಂಥದ್ದಾಗಿತ್ತು. ಭಾರತದ ಫಲಕ ಉತ್ತರದಲ್ಲಿ ಏಷ್ಯಾವನ್ನು ಒತ್ತುತ್ತಿರುವಾಗ ಆ ಒತ್ತಡ ಹಿಮಾಲಯದ ಬುಡದಲ್ಲಷ್ಟೇ ನಿಲ್ಲದೆ ಇಡೀ ಫಲಕದ ಮೈಯಲ್ಲಿ ಹರಡುತ್ತದೆ. ಫಲಕದೊಳಗೆ ಹಿಂದಿನ ಯುಗಗಳಲ್ಲಿ ಬಿರುಕುಬಿಟ್ಟು ಕೂಡಿಕೊಂಡ ದುರ್ಬಲ ಸೀಳುಗಳಿವೆ. ಲಾತೂರಿನ ಕಡೆ ಅವು ಕರಿಕಲ್ಲಿನ ಹೊದಿಕೆಯಡಿಯಲ್ಲಿ ಮರೆಯಾಗಿದ್ದವು. ಸಾವಿರಾರು ವರ್ಷ ಕೂಡಿದ ಒತ್ತಡದಿಂದ ಅಂಥದ್ದೊಂದು ಸೀಳು ಜರಗಿತು.

ಅದರ ಪ್ರಮಾಣ 6.2. ಇಷ್ಟೇ ಪ್ರಮಾಣದ ಭೂಕಂಪಗಳು ಜಗತ್ತಿನಲ್ಲಿ ಪ್ರತಿವರ್ಷ ಆಗುತ್ತವೆ, ಹಲವು ಕಡೆ ಜೀವಹಾನಿಯೇ ಇಲ್ಲದೆ ಕಳೆಯುತ್ತವೆ. ಕಿಲ್ಲಾರಿಯಲ್ಲಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಸುಮಾರು 10,000 ಜನ ತೀರಿಕೊಂಡದ್ದಕ್ಕೆ ಎರಡು ಕಾರಣಗಳು. ಕಂಪನದ ಮೂಲ ನೆಲದಿಂದ ಹೆಚ್ಚು ಆಳದಲ್ಲಿರಲಿಲ್ಲ ಎಂಬುದು ಒಂದು. ಮನೆಗಳ ರೀತಿ ಇನ್ನೊಂದು. ಉಂಡೆಗಲ್ಲುಗಳನ್ನು ಬರಿಯ ಕೆಸರಿನಲ್ಲಿ ಕೂರಿಸಿ ಕಟ್ಟಿದ ದಪ್ಪ ಗೋಡೆ, ಅದರ ಮೇಲೆ ಬೇಸಗೆಯ ತಂಪಿಗೆಂದು ವರ್ಷ ವರ್ಷವೂ ಮಣ್ಣು ಹೇರಿದ ಮಾಳಿಗೆ. ಗೋಡೆಯ ಒಳಮೈ ಹೊರಮೈ ಎರಡನ್ನೂ ಬಿಗಿಹಿಡಿಯುವ ಅಡ್ಡಗಲ್ಲು ಇಲ್ಲದ್ದರಿಂದ ಗೋಡೆ ಎರಡು ಹೋಳಾಗಿ ಬಿಚ್ಚಿಕೊಂಡಿತು, ಮಾಳಿಗೆಯ ಮಣ್ಣು ಮಲಗಿದ್ದವರ ಮೇಲೆ ಇಳಿಯಿತು. ನೀವು ಹೊಸ ಮನೆ ಕಟ್ಟುವುದಿದ್ದರೆ, ಅಥವಾ ಹಳೆಯ ಮನೆಯಲ್ಲಿಯೇ ಇದ್ದರೆ, ದಯವಿಟ್ಟು ಮಾಳಿಗೆಯ ಭಾರವನ್ನು ಇಳಿಸಿ, ಗೋಡೆಗೆ ಅಡ್ಡಗಲ್ಲು ಹಾಕಿಸಿ, ಬಾಗಿಲು ಕಿಟಕಿಗಳ ಮೇಲಿನ ಮಟ್ಟದಲ್ಲಿ ಮನೆಯ ಸುತ್ತ ಒಂದೇ ಸಮನೆ ಕಾಂಕ್ರೀಟಿನ ಪಟ್ಟಿ ಕೊಡಿಸಿ. ಭೂಕಂಪದ ದಿನವನ್ನು ಮುಂಚಿತವಾಗಿ ಹೇಳುವ ವಿದ್ಯೆ ಇಲ್ಲ. ಗೋಡೆ ಬಿಚ್ಚಿಕೊಳ್ಳದಂತೆ ಕಟ್ಟುವ ವಿದ್ಯೆ ಇದೆ.

ಪ್ರಶ್ನೆ: ನಮ್ಮ ಕರಾವಳಿ ಗೆರೆ ಎಳೆದಂತೆ ನೇರವಾಗಿದೆ. ಇಲ್ಲಿಂದ ಯಾವುದಾದರೂ ನೆಲ ಒಡೆದುಹೋಗಿತ್ತೇ? (ಉಪ್ಪಳದ ಓದುಗರು)

ಉತ್ತರ: ಹೌದು, ಮಡಗಾಸ್ಕರ್. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಅದು ನಮ್ಮಿಂದ ಬೇರ್ಪಟ್ಟಿತು. ಆ ದ್ವೀಪದ ಈಶಾನ್ಯದ ಕರಾವಳಿಯ ಪುರಾತನ ಬಂಡೆಗಳು ಧಾರವಾಡ ಶಿಲಾಪ್ರದೇಶದ ಬಂಡೆಗಳೊಂದಿಗೆ ವಯಸ್ಸಿನಲ್ಲಿಯೂ ಗುಣದಲ್ಲಿಯೂ ಹೊಂದುತ್ತವೆ. ಬೇರ್ಪಡುವಾಗ ಉಕ್ಕಿದ ಲಾವಾದ ಕಂಬಗಳನ್ನು ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳಲ್ಲಿ ನೋಡಬಹುದು. ಜೀವಂತ ಸಾಕ್ಷಿಯೂ ಇದೆ. ವರ್ಷದ ಬಹುಪಾಲು ಮಣ್ಣಿನೊಳಗಿದ್ದು ಮಳೆಗಾಲದಲ್ಲಿ ಕೆಲವೇ ದಿನ ಹೊರಬರುವ, ಮೂತಿ ಚೂಪಾದ ಒಂದು ನೇರಳೆ ಕಪ್ಪೆಯನ್ನು ಇಡುಕ್ಕಿಯಲ್ಲಿ ಗುರುತಿಸಿ 2003ರಲ್ಲಿ ಎಸ್. ಡಿ. ಬಿಜು ಮತ್ತು ಫ್ರಾಂಕಿ ಬೊಸ್ಯೂಟ್ ಪ್ರಕಟಿಸಿದರು. ಅದರ ಅತಿ ಹತ್ತಿರದ ಸಂಬಂಧಿಗಳಿರುವುದು, ಹಿಂದೆ ನಮ್ಮ ನೆಲಕ್ಕೇ ಕೂಡಿಕೊಂಡಿದ್ದ ಸೆಶೆಲ್ಸ್ ದ್ವೀಪಗಳಲ್ಲಿ. ಉಪ್ಪುನೀರಿನ ಕಡಲನ್ನು ಕಪ್ಪೆಗಳು ಈಜಿ ದಾಟಲಿಲ್ಲ, ನೆಲವೇ ಅವುಗಳನ್ನು ಹೊತ್ತುಕೊಂಡು ಎರಡಾಯಿತು.

ಪ್ರಶ್ನೆ: ನೆಲ ಸರಿಯುತ್ತಿದ್ದರೆ ನಮ್ಮ ತಲಪಾಡಿಯ ಗಡಿಯೂ ಸರಿಯಬೇಕಲ್ಲವೇ? (ಮಂಜೇಶ್ವರದ ಓದುಗರು)

ಉತ್ತರ: ಸರಿಯುತ್ತದೆ, ಆದರೆ ಗಡಿಯ ಎರಡೂ ಬದಿಯ ನೆಲ ಒಂದೇ ಫಲಕದ ಮೇಲಿರುವುದರಿಂದ ಎರಡೂ ಜೊತೆಯಾಗಿಯೇ ಸರಿಯುತ್ತವೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಇದ್ದ ಜಾಗದಿಂದ ಕಾಸರಗೋಡೂ ಮಂಗಳೂರೂ ಇಂದಿಗೆ ಸುಮಾರು ಮೂರೂವರೆ ಮೀಟರ್ ಈಶಾನ್ಯಕ್ಕೆ ಬಂದಿವೆ, ಅವುಗಳ ನಡುವಿನ ದೂರ ಬದಲಾಗಿಲ್ಲ. ವ್ಯತ್ಯಾಸ ಕಾಣುವುದು ಉಪಗ್ರಹಗಳಿಂದ ಅಳೆಯುವಾಗ. ನಮಗಿಂತಲೂ ವೇಗವಾಗಿ, ವರ್ಷಕ್ಕೆ ಸುಮಾರು 7 ಸೆಂಟಿಮೀಟರಿನಂತೆ ಸಾಗುವ ಆಸ್ಟ್ರೇಲಿಯದಲ್ಲಿ 1994ರ ಅಳತೆಯ ನಕ್ಷೆಗಳನ್ನು 2020ರ ಲೆಕ್ಕಕ್ಕೆ ಹೊಂದಿಸುವಾಗ ಇಡೀ ದೇಶದ ಅಕ್ಷಾಂಶ ರೇಖಾಂಶಗಳನ್ನು ಸುಮಾರು 1.8 ಮೀಟರ್ ತಿದ್ದಬೇಕಾಯಿತು. ಹೀಗಾಗಿ ಸೂಕ್ಷ್ಮ ಸರ್ವೆ ಮಾಡುವವರು ಯಾವುದೇ ಕಲ್ಲಿನ ಸ್ಥಾನವನ್ನು ಬರೆಯುವಾಗ ಅದನ್ನು ಅಳೆದ ಕಾಲವನ್ನೂ ಪಕ್ಕದಲ್ಲಿ ಬರೆಯುತ್ತಾರೆ.